ತಗ್ಗದ ತಲೆ

ಹೂವಿನಹಡಗಲಿಯ ಮೈಲಾರೇಶನಿಗೆ ಗಾಡಿ ಹೊಡೆಯುತ್ತಲೇ ಹಿಂದಕ್ಕೆ ತಿರುಗಿ ಮಾತಾಡುವ ಚಟವಿತ್ತು. ಅವನದು ಚಿಕ್ಕ ಟೆಂಪೊ. ಬೆಳಗ್ಗೆ ತೋಟಗಳಿಂದ ಬಂದ ಮಲ್ಲಿಗೆ ಮೊಗ್ಗನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಹೇರಿಕೊಂಡು ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿ ಅಂತ ಊರೂರಿನ ಹೂವಿನ ಅಂಗಡಿಗೆ ಇಳಿಸುತ್ತ ಹೋಗುವುದು ಅವನ ಕೆಲಸ. ಆ ಗಂಟುಗಳ ನಡುವೆ ಕಾಲು ಚಾಚಿ ಕೂತು ಮಂಜಮ್ಮನೂ ಬರುತ್ತಿದ್ದಳು. ಕೊಟ್ಟೂರಿನ ಬಸ್ ನಿಲ್ದಾಣದ ಹೊರಗೆ ಹೂ ಮಾರುವವಳು. ಗಂಡ ಬಿಟ್ಟುಹೋದ ಮೇಲೆ ತಾಯಿ ಅನ್ನದಾನಮ್ಮನ ಜೊತೆ ಮೈಲಾರೇಶನ ಓಣಿಯಲ್ಲೇ ಇದ್ದಳು. ದಾರಿಯುದ್ದಕ್ಕೂ ಅವಳ ಬೆರಳು ಹೂ ಕಟ್ಟುತ್ತಿತ್ತು, ಬಾಯಿ ಓಣಿಯ ಸುದ್ದಿ ಹೇಳುತ್ತಿತ್ತು. ಕ್ಯಾಬಿನ್ನಿನ ಹಿಂದಿನ ಕಿಂಡಿಯಲ್ಲಿ ಅವಳ ದನಿ ಕೇಳಿದರೆ ಸಾಕು, ಮೈಲಾರೇಶ ಕತ್ತು ತಿರುಗಿಸಿ ಏನಾದರೊಂದು ಕೇಳಿಬಿಡುತ್ತಿದ್ದ.

"ಮುಂದ ನೋಡಿ ಹೊಡಿಯೋ ನಮ್ಮಪ್ಪಾ, ನಾ ಎಲ್ಲಿಗೂ ಹಾರಿ ಹೋಗಂಗಿಲ್ಲ," ಅನ್ನುತ್ತಿದ್ದಳು ಮಂಜಮ್ಮ. ಮನೆಗೆ ಹೋದಮೇಲೆ ಇದನ್ನೇ ತಾಯಿಯ ಮುಂದೆ ಹೇಳಿ ನಗುತ್ತಿದ್ದಳು.

ಆದರೆ ಗಾಡಿ ಉರುಳಿದ ದಿನ ಸ್ಟೇರಿಂಗ್ ಹಿಡಿದಿದ್ದವನು ಮೈಲಾರೇಶ ಅಲ್ಲ. ಅವನ ಅಣ್ಣ ಪಾಲಾಕ್ಷಪ್ಪ.

ಪಾಲಾಕ್ಷಪ್ಪ ಸರ್ಕಾರಿ ಬಸ್ಸಿನ ಡ್ರೈವರ್. ಅವತ್ತು ಅವನಿಗೆ ರಜೆ, ಕೊಟ್ಟೂರಿನಲ್ಲಿ ಯಾರನ್ನೋ ನೋಡುವುದಿತ್ತು. ತಮ್ಮನ ಪಕ್ಕ ಕೂತು ಬಂದವನು ಹಗರಿಬೊಮ್ಮನಹಳ್ಳಿಯಲ್ಲಿ ಚಹಾ ಕುಡಿದು ಎದ್ದ ಕೂಡಲೇ ಕೀಲಿ ಕಸಿದುಕೊಂಡ. "ತಾರಲೇ ಇಲ್ಲಿ. ನೀ ಹೊಡಿಯೋದು ನೋಡಿದ್ರ ಕುರಿ ಕಾದಂಗ ಐತಿ," ಅಂದ. ತಮ್ಮ ನಗುತ್ತ ಆಚೆ ಸರಿದ. ಅಣ್ಣ ಕೇಳಿದ್ದನ್ನು ಇಲ್ಲ ಅಂದವನೇ ಅಲ್ಲ ಅವನು. ಅಪ್ಪ ಸತ್ತಾಗ ಮೈಲಾರೇಶ ಇನ್ನೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದ ಹುಡುಗ. ಶಾಲೆ ಬಿಟ್ಟು ಕುರಿ ಹಿಂಡಿನ ಹಿಂದೆ ಹೋದವನು ಪಾಲಾಕ್ಷಪ್ಪ. ತಮ್ಮನನ್ನು ಹೆಗಲ ಮೇಲೆ ಕೂರಿಸಿಕೊಂಡು ಹಳ್ಳ ದಾಟಿಸಿ ಶಾಲೆಗೆ ಬಿಟ್ಟವನೂ ಅವನೇ.

ಸುಗ್ಗಿಯ ಕಾಲದಲ್ಲಿ ಕೊಟ್ಟೂರಿನ ರಸ್ತೆ ಅರ್ಧಕ್ಕರ್ಧ ಕಣವಾಗಿರುತ್ತದೆ. ಬಿಡಿಸಿದ ಮೆಕ್ಕೆಜೋಳವನ್ನು ಡಾಂಬರಿನ ಮೇಲೆ ಹರವಿ, ಅಂಚಿಗೆ ದಪ್ಪ ಕಲ್ಲಿಟ್ಟು ಒಣಗಿಸುತ್ತಾರೆ. ದಿನಾ ಓಡಾಡುವ ಮೈಲಾರೇಶನಿಗೆ ಯಾವ ತಿರುವಿನಲ್ಲಿ ಯಾರ ಜೋಳ ಬಿದ್ದಿರುತ್ತದೆಂದು ಗೊತ್ತು. ಪಾಲಾಕ್ಷಪ್ಪನಿಗೆ ಗೊತ್ತಿರಲಿಲ್ಲ. ಅವನ ಎಡಗೈಯಲ್ಲಿ ಫೋನು, ಕೊಟ್ಟೂರಿನವರ ಜೊತೆ ಮಾತು.

"ಅಣ್ಣಾ, ಮುಂದ ಜೋಳ ಐತಿ, ಸಾವಕಾಶ."

"ಐತಿ ಬಿಡಲೇ, ನಾ ಕಂಡಿಲ್ಲೇನು," ಅನ್ನುವಷ್ಟರಲ್ಲಿ ಗಾಲಿ ಜೋಳದ ಮೇಲೆ ಹತ್ತಿತು. ಗೋಲಿಯ ಮೇಲೆ ಕಾಲಿಟ್ಟಂತೆ ಗಾಡಿ ಜಾರಿ, ಕಲ್ಲಿಗೆ ಬಡಿದು, ಮಗುಚಿ ಬದಿಯ ತಗ್ಗಿಗೆ ಬಿತ್ತು.

ಮೈಲಾರೇಶನಿಗೆ ಎಚ್ಚರ ತಪ್ಪಲಿಲ್ಲ. ಕತ್ತಿನ ಬುಡದಲ್ಲಿ ಕೆಂಡ ಇಟ್ಟಂತೆ ಉರಿ, ಬಾಯಲ್ಲಿ ರಕ್ತ, ಸುತ್ತ ಮಲ್ಲಿಗೆಯ ವಾಸನೆ. ಜೋಳದ ಕಡೆಯಿಂದ ಓಡಿ ಬಂದ ಗಾದೆಪ್ಪ ಅನ್ನುವ ರೈತ, ದಾರಿಹೋಕರು ಸೇರಿ ಅವನನ್ನು ಕೈಕಾಲು ಹಿಡಿದು ಎತ್ತಿದರು. ತಲೆಯನ್ನು ಯಾರೂ ಹಿಡಿಯಲಿಲ್ಲ. ಅದು ಹಿಂದಕ್ಕೆ ಜೋತು ಬಿತ್ತು. ಆ ಗಳಿಗೆಯಲ್ಲಿ ಕತ್ತಿನ ಕೆಳಗಿನದೆಲ್ಲ ಬೇರೆಯವರ ಮೈ ಆಯಿತು. ಆಚೆ ಕಡೆ ಹೂವಿನ ಗಂಟಿನಡಿಯಿಂದ ಮಂಜಮ್ಮನನ್ನು ಎಳೆಯುತ್ತಿದ್ದರು. ಅವಳು ಏಳಲಿಲ್ಲ. ಪಾಲಾಕ್ಷಪ್ಪನಿಗೆ ಹುಬ್ಬು ಸೀಳಿತ್ತು, ಅಷ್ಟೆ.

ದಾವಣಗೆರೆಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಅವನನ್ನು ಗಟ್ಟಿ ಪಟ್ಟಿ ಬಿಗಿದು, ತಲೆಯ ಎರಡೂ ಕಡೆ ಮರಳಿನ ಚೀಲ ಒತ್ತಿ, ಹಣೆಗೆ ಬೆಲ್ಟು ಕಟ್ಟಿ ಮಲಗಿಸಿದರು. ಕಾಣುತ್ತಿದ್ದುದು ಮೇಲಿನ ಛಾವಣಿ ಮಾತ್ರ. ಯಾರಾದರೂ ಬಂದರೆ ಅವನ ಮುಖದ ಮೇಲೆ ಬಗ್ಗಿ ನಿಲ್ಲಬೇಕು, ಇಲ್ಲದಿದ್ದರೆ ಬರೀ ದನಿ.

ಡಾಕ್ಟರ್ ಕ್ರಾಂತಿಕುಮಾರ್ ಹಾಗೆ ಬಗ್ಗಿ ನಿಂತು, ಕೈಯಲ್ಲಿದ್ದ ಪ್ಲಾಸ್ಟಿಕ್ಕಿನ ತಲೆಬುರುಡೆಯನ್ನು ಅವನ ಕಣ್ಣಿಗೆ ಕಾಣುವಂತೆ ಹಿಡಿದರು. ಹೆಂಡತಿ ಶೃತಿ ಮಂಚದ ಪಕ್ಕ ನಿಂತಿದ್ದಳು.

"ನೋಡಪ್ಪಾ, ಬುರುಡೆ ಈ ಮೊದಲನೇ ಎಲುಬಿನ ಮೇಲೆ ಕೂತಿರ್ತದೆ. ನಾವು ಹೂಂ ಅಂತ ತಲೆ ಆಡಿಸೋದು ಈ ಸಂದಿನಿಂದ. ಅದರ ಕೆಳಗಿಂದು ಎರಡನೇ ಎಲುಬು. ಊಹೂಂ ಅಂತ ಆಡಿಸೋದು ಅದರಿಂದ. ನಿನಗೆ ಎರಡೂ ಸಡಲ್ಯಾವೆ. ಹಿಂಗೇ ಬಿಟ್ರೆ ಒಂದು ಕೆಮ್ಮು ಬಂದ್ರೂ ಉಸಿರು ನಿಂತೀತು. ಬುರುಡೆ ಹಿಂದೆ ಟೈಟೇನಿಯಂ ಪಟ್ಟಿ ಕೂರಿಸಿ ಸ್ಕ್ರೂ ಹಾಕ್ತೇವೆ. ಅಲ್ಲಿಂದ ಎರಡು ಸರಳು ಇಳಿಸಿ ಕೆಳಗಿನ ಎಲುಬಿಗೆ ಬಿಗಿತೇವೆ. ಸೊಂಟದಿಂದ ಚೂರು ಎಲುಬು ತೆಗೆದು ನಡುವೆ ಇಡ್ತೇವೆ, ಅದು ಬೆಳೆದು ಒಂದಾಗ್ತದೆ. ಆಮೇಲೆ ನಿನ್ನ ತಲೆ ಬೀಳೋದಿಲ್ಲ."

"ತಿರಗತೈತೇನ್ರಿ ಸರ?" ಅಂತ ಕೇಳಿದವಳು ಶೃತಿ.

"ಇಲ್ಲಮ್ಮ. ಹೂಂ ಊಹೂಂ ಎರಡೂ ಬಾಯಿಂದ್ಲೇ ಹೇಳಬೇಕು." ಡಾಕ್ಟರು ಸುಳ್ಳು ಸಮಾಧಾನ ಹೇಳುವವರಲ್ಲ. "ಕೈಕಾಲು ವಾಪಸ್ ಬರ್ತಾವೆ ಅಂತ ಭರವಸೆ ಕೊಡಲಾರೆ. ಆಪರೇಷನ್ನಿನಲ್ಲಿ ಜೀವಕ್ಕೂ ಅಪಾಯ ಇದೆ. ಮಾಡದಿದ್ರೆ ಅಪಾಯ ಇನ್ನೂ ಜಾಸ್ತಿ."

ಶೃತಿ ಮದ್ದು ತರಲು ಕೆಳಗಿನ ಅಂಗಡಿಗೆ ಹೋದಳು. ಆ ಹೊತ್ತಿಗೇ ಅಣ್ಣನೂ ಅವ್ವ ಗಾದೆಮ್ಮನೂ ಬಂದರು. ಹುಬ್ಬಿಗೆ ಪಟ್ಟಿ ಕಟ್ಟಿದ ಪಾಲಾಕ್ಷಪ್ಪನ ಮುಖ ಛಾವಣಿಗೆ ಅಡ್ಡವಾಗಿ ಬಂತು. ಅತ್ತೂ ಅತ್ತೂ ಕಣ್ಣು ಊದಿತ್ತು.

"ಮೈಲಾರಿ, ಪೊಲೀಸ್ನೋರು ಬಂದಾರ. ಯಾರು ಹೊಡಿತಿದ್ರು ಅಂತ ಬರಕೋತಾರ. ನನ್ನ ಹೆಸರು ಬಂದ್ರ ನೌಕರಿ ಹೋಗತೈತಿ ಲೇ. ಮಂಜಮ್ಮ ಸತ್ತಾಳ. ನಾ ಒಳಗ ಹೋದ್ರ ಅವ್ವನ್ನ, ನಿನ್ನ, ನಿನ್ನ ಹೆಂಡ್ತಿನ ಯಾರು ನೋಡ್ಬೇಕು?" ಮುಖ ಒಂದು ಕ್ಷಣ ಸರಿಯಿತು, ಮತ್ತೆ ಬಂತು. "ನಿನ್ನ ನಾ ಸಾಯೋತನಕ ನೋಡ್ಕೋತೀನಿ. ಮೈಲಾರಲಿಂಗನ ಆಣಿ."

ಆಗ ಕಾಲಿನ ಕಡೆ, ಕಾಣದ ಜಾಗದಿಂದ, ಅವ್ವನ ದನಿ ಬಂತು. ಅವಳು ಪಾಲಾಕ್ಷಪ್ಪನಿಗೆ ಹೇಳುತ್ತಿದ್ದಳು. ಮಲಗಿದವನಿಗೆ ಕೇಳಿಸುತ್ತದೆ ಅನ್ನುವುದನ್ನು ಮರೆತಿದ್ದಳೋ, ಕೇಳಿಸಲಿ ಅಂತಲೇ ಹೇಳಿದಳೋ.

"ಅವನು ಹೆಂಗೂ ಹೋದಂಗ. ನೀನರ ಉಳಿ."

ಕಿವಿ ಮುಚ್ಚಿಕೊಳ್ಳಲು ಕೈ ಏಳಲಿಲ್ಲ. ಗೋಡೆಯ ಕಡೆ ಹೊರಳಲು ಕತ್ತಿರಲಿಲ್ಲ. ಕಣ್ಣಿನ ಎರಡೂ ತುದಿಯಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಪೊಲೀಸನ ಟೋಪಿ ಛಾವಣಿಗೆ ಅಡ್ಡ ಬಂತು.

"ಗಾಡಿ ಯಾರು ಹೊಡಿತಿದ್ರಪ್ಪ?"

"ನಾನ ರೀ," ಅಂದ ಮೈಲಾರೇಶ.

ಅವನ ಹೆಬ್ಬೆರಳನ್ನು ಎತ್ತಿ, ಮಸಿಗೆ ಅದ್ದಿ, ಒತ್ತಿಸಿಕೊಂಡರು. ಅವನಿಗೆ ಅದರ ಸ್ಪರ್ಶವೂ ತಿಳಿಯಲಿಲ್ಲ.

ಆಪರೇಷನ್ನು ಬಹಳ ಹೊತ್ತು ನಡೆಯಿತು. ಆಚೆ ಕೂತವರಿಗೆ ಯಾರೂ ಆಸೆ ಹೇಳಿರಲಿಲ್ಲ. ಆದರೆ ಮತ್ತೆ ಎಚ್ಚರಾದಾಗ ಕ್ರಾಂತಿಕುಮಾರ್ ಅವನ ಕಾಲಬೆರಳು ಮುಟ್ಟಿ "ಆಡಿಸು" ಅಂದರು, ಬೆರಳು ಆಡಿತು. ಮರುದಿನ ಕೈ ಮುಷ್ಟಿಯಾಯಿತು. ಡಾಕ್ಟರಿಗೇ ನಂಬಿಕೆಯಾಗಲಿಲ್ಲ. ಕಿರಿಯ ಡಾಕ್ಟರುಗಳನ್ನು ಕರೆದು ತೋರಿಸಿದರು. ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು ಶೃತಿಗೂ ತೋರಿಸಿದರು: ಬುರುಡೆಯ ಹಿಂದೆ ಬೆಳ್ಳಗೆ ಹೊಳೆಯುವ ಪಟ್ಟಿ, ಕೆಳಗೆ ಜೋಡಿ ಸರಳು, ಎಲುಬಿನೊಳಗೆ ಹೊಕ್ಕ ಸ್ಕ್ರೂಗಳು.

"ಗಟ್ಟಿ ಕೂತದೆ. ನಡಿತಾನೆ ನಿನ್ನ ಗಂಡ."

ಶೃತಿ ಡಾಕ್ಟರ ಕಾಲಿಗೆ ಬಿದ್ದಳು. ಗಾದೆಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಮಂಚದ ತುದಿಯಲ್ಲಿ ನಿಂತಿದ್ದ ಪಾಲಾಕ್ಷಪ್ಪನೂ ಕೈಮುಗಿದ. ಆದರೆ ಕೈಮುಗಿಯುವ ಮೊದಲು ಅವನ ಮುಖದ ಮೇಲೆ ಒಂದು ಹೆದರಿಕೆ ಹಾದು ಹೋದದ್ದನ್ನು ಮೈಲಾರೇಶ ಕಂಡ. ಮಂಚದ ತಲೆಭಾಗವನ್ನು ಅಷ್ಟು ಹೊತ್ತಿಗೆ ಎತ್ತರಿಸಿದ್ದರು. ಈಗ ಅವನಿಗೆ ಎದುರಿಗಿದ್ದದ್ದೆಲ್ಲ ಕಾಣುತ್ತಿತ್ತು. ಸಾಯುವವನ ಮೇಲೆ ಹೊರಿಸಿದ ತಪ್ಪು ಅದು. ಸತ್ತಿದ್ದರೆ ಅವನ ಜೊತೆಗೇ ಮಣ್ಣಾಗುತ್ತಿತ್ತು. ಬದುಕಿಬಿಟ್ಟನಲ್ಲ, ಇನ್ನು ಹೊತ್ತುಕೊಂಡು ತಿರುಗಬೇಕು.

ಊರಿಗೆ ಬಂದ ಹೊಸತರಲ್ಲಿ ನೋಡಲು ಬಂದವರಿಗೆ ಲೆಕ್ಕವಿರಲಿಲ್ಲ. ಕೆಲವರು ಹಿಂದೆ ನಿಂತು ಗಾಯದ ಗೆರೆ ಮುಟ್ಟಿ ನೋಡಿ, "ಒಳಗ ಕಬ್ಬಿಣ ಐತಂತ," ಅನ್ನುತ್ತಿದ್ದರು. ಕತ್ತಿನ ಪಟ್ಟಿ ಬಿಚ್ಚಿದ ಮೇಲೆ ಅವನು ನಡೆದ, ಉಂಡ, ತನ್ನ ಅಂಗಿ ತಾನು ಹಾಕಿಕೊಂಡ. ಆದರೆ ತಟ್ಟೆಯಲ್ಲಿ ಏನಿದೆ ಅಂತ ಬಗ್ಗಿ ನೋಡಲಾಗುತ್ತಿರಲಿಲ್ಲ. ತಟ್ಟೆಯನ್ನೇ ಎದೆಯ ಮಟ್ಟಕ್ಕೆ ಎತ್ತಿಕೊಳ್ಳಬೇಕು. ಹೊಸ್ತಿಲು ದಾಟುವಾಗ ಕಾಲು ಕಾಣದು. ಯಾರಾದರೂ ಕರೆದರೆ ಕದ ತಿರುಗಿದಂತೆ ಇಡೀ ಮೈ ತಿರುಗಬೇಕು. ಲೋಟ ಎತ್ತಿ ನೀರು ಕುಡಿಯಲು ಹೋದರೆ ಅರ್ಧ ಎದೆಯ ಮೇಲೆ. ಮೈಲಾರದ ಗುಡಿಗೆ ಹೋದಾಗ ಕುಳ್ಳ ಪೂಜಾರಿಗೆ ಅವನ ಹಣೆ ಎಟುಕದೆ, ಇವನೇ ಮಂಡಿ ಮಡಚಿ ನಿಂತು ಅರಿಶಿನದ ಭಂಡಾರ ಹಚ್ಚಿಸಿಕೊಂಡ.

ಗಾಡಿ ಹೊಡೆಯುವ ಮಾತೇ ಇರಲಿಲ್ಲ. ಶೃತಿ ಬೆಳಗ್ಗೆ ತೋಟಗಳಿಗೆ ಮೊಗ್ಗು ಬಿಡಿಸಲು ಹೋಗತೊಡಗಿದಳು. ಅವನು ಮನೆಯಲ್ಲಿ ಕೂತು ಹೂ ಕಟ್ಟಲು ಕಲಿತ. ಮಡಿಲು ನೋಡಿ ಕಟ್ಟಲಾಗದೆ ಗೋಡೆಗೆ ಮೊಳೆ ಹೊಡೆದು, ಕಣ್ಣಿನ ಮಟ್ಟಕ್ಕೆ ದಾರ ಇಳಿಬಿಟ್ಟು ಕಟ್ಟುತ್ತಿದ್ದ. ಪಾಲಾಕ್ಷಪ್ಪ ಮೊದಮೊದಲು ವಾರಕ್ಕೊಮ್ಮೆ ಬಂದು ಕೂತು ಹೋದ. ಆಮೇಲೆ ಹಬ್ಬಕ್ಕೆ ಬಂದ. ಆಮೇಲೆ ಡ್ಯೂಟಿ ಅಂದ. ಅಷ್ಟರಲ್ಲಿ ಮೈಲಾರೇಶನ ಹೆಸರಿಗೆ ಕೋರ್ಟಿನ ನೋಟೀಸೂ ಬಂತು.

ಅನ್ನದಾನಮ್ಮ ಎದುರಾದದ್ದು ಓಣಿಯ ನಲ್ಲಿಯ ಹತ್ತಿರ. ಮಗಳು ಸತ್ತ ಮೇಲೆ ಅವಳು ಮನೆ ಬಿಟ್ಟು ಹೊರಗೆ ಬಂದದ್ದೇ ಕಡಿಮೆ. ಬಿಂದಿಗೆ ಕೆಳಗಿಟ್ಟು ಅವನನ್ನೇ ನೋಡಿದಳು. ಮೈಲಾರೇಶನಿಗೆ ನೆಲ ನೋಡಬೇಕು ಅನ್ನಿಸಿತು. ಎಂಥವನಿಗೂ ಅಂಥ ಹೊತ್ತಿನಲ್ಲಿ ತಲೆ ತಾನಾಗಿ ತಗ್ಗುತ್ತದೆ. ಅವನದು ತಗ್ಗಲಿಲ್ಲ. ಗಲ್ಲ ಎತ್ತಿದ್ದು ಎತ್ತಿದಂತೆಯೇ, ನೋಟ ನೇರ ಅವಳ ಮುಖದ ಮೇಲೆ.

"ನೋಡ್ರವ್ವಾ ನೋಡ್ರಿ," ಅಂದಳು ಅನ್ನದಾನಮ್ಮ ಸುತ್ತಲಿನ ಹೆಂಗಸರಿಗೆ. "ನನ್ನ ಮಗಳ್ನ ತಿಂದು ಹೆಂಗ ತಲಿ ಎತ್ತಿ ನಿಂತಾನ. ಒಂದೀಟು ಬಗ್ಗತೈತೇನು ನೋಡ್ರಿ ಆ ಕುತಿಗಿ."

ಅವನು ಕೈಮುಗಿದು ಸೊಂಟದಿಂದ ಬಾಗಿದ. ಹಲಗೆ ವಾಲಿದಂತೆ ಮೈ ಮುಂದಕ್ಕೆ ಬಂತು. ಯಾವಳೋ ಹುಡುಗಿ ಕಿಸಕ್ಕೆಂದಳು.

"ಅಣಕ ಮಾಡ್ತೀಯೇನೋ ನನಗ?" ಅನ್ನದಾನಮ್ಮ ನೆಲಕ್ಕೆ ಉಗಿದಳು, ಖಾಲಿ ಬಿಂದಿಗೆ ಎತ್ತಿಕೊಂಡು ಹೋದಳು.

ಅವತ್ತು ಸಂಜೆ ಅವನು ಶೃತಿಗೆ ಎಲ್ಲ ಹೇಳಿದ. ಜೋಳ, ಫೋನು, ಅಣ್ಣನ ಆಣೆ, ಅವ್ವನ ಮಾತು. ರೊಟ್ಟಿ ಬಡಿಯುತ್ತಿದ್ದ ಶೃತಿಯ ಕೈ ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಬಂದರೂ ಅವಳು ತೆಗೆಯಲಿಲ್ಲ.

"ಹೆಂಗೂ ಹೋದಂಗ ಅಂತ ಅಂದ್ರೇನು ಅತ್ತಿ?"

"ಹೂಂ."

"ಹೆತ್ತಾಕಿ?"

ಶೃತಿ ಸೀದ ರೊಟ್ಟಿಯನ್ನು ಕೆಳಗಿಳಿಸಿ ಅಂದಳು: "ಅತ್ತಿ ಅಂದ್ರು, ಭಾವಾರು ಕೇಳಿದ್ರು. ಹೂಂ ಅಂದೋರು ನೀವು. ನನಗೊಂದು ಮಾತು ಹೇಳಬೇಕನಿಸಲಿಲ್ಲೇನು? ನಾನೇನು ಔಷಧಿ ತರಾಕ ಬಂದಾಕಿನಾ?"

ಇಷ್ಟಾದರೂ ಅವನು ಸುಮ್ಮನೇ ಇರುತ್ತಿದ್ದನೇನೋ. ಒಂದು ದಿನ ಗಾದೆಮ್ಮ ಹೊಸ ಸೀರೆ ಉಟ್ಟು, ಕೈಯಲ್ಲಿ ಪೇಡೆಯ ಡಬ್ಬಿ ಹಿಡಿದು ಬಂದಳು. ಅವಳೀಗ ಹಿರಿಮಗನ ಮನೆಯಲ್ಲೇ ಇದ್ದಳು.

"ಪಾಲಾಕ್ಷಗ ಪದಕ ಕೊಟ್ರಪ್ಪ ಡಿಪೋದಾಗ. ಬೆಳ್ಳಿದು. ಇಷ್ಟ್ ವರ್ಷ ಒಂದೂ ಆಕ್ಸಿಡೆಂಟ್ ಮಾಡಿಲ್ಲಂತ. ದೊಡ್ಡ ಸಾಹೇಬ್ರು ಕೊಳ್ಳಾಗ ಹಾರ ಹಾಕಿದ್ರು. ಬಾಯಿ ಸಿಹಿ ಮಾಡ್ಕೊ."

ಮೈಲಾರೇಶ ಪೇಡೆ ಹಿಡಿದ. ಬಾಯಿಗೆ ಹಾಕಲಿಲ್ಲ. ಎದುರಿಗಿದ್ದ ದಾರದಿಂದ ಅರ್ಧ ಕಟ್ಟಿದ ಮಾಲೆ ನೇತಾಡುತ್ತಿತ್ತು.

"ಅವ್ವಾ, ಮಂಜಮ್ಮನ್ನ ಯಾರು ಕೊಂದ್ರು?"

ಗಾದೆಮ್ಮನ ಮುಖ ಬಿಗಿಯಿತು. "ಈಗ್ಯಾಕ ಆ ಮಾತು? ಆಗೋದು ಆತು. ನೀ ಬದುಕೀದಿ, ಅವನೂ ಬದುಕ್ಯಾನ. ದೇವರು ಇಬ್ಬರ್ನೂ ಉಳಿಸ್ಯಾನಲ್ಲ, ಮತ್ತೇನು ಬೇಕು ನಿನಗ?"

"ನನ್ನ ಹೆಸರು ಬೇಕಾಗೈತಿ."

"ಹೆಸರು ತಗೊಂಡು ಏನ್ ಮಾಡ್ತಿ? ಬಸ್ ಹೊಡಿತೀಯೇನು?" ಅಂದುಬಿಟ್ಟಳು ಅವ್ವ. ಅಂದ ಮೇಲೆ ತಾನೇ ಬೆಚ್ಚಿ, ಡಬ್ಬಿ ಅಲ್ಲೇ ಬಿಟ್ಟು ಹೋದಳು. ಶೃತಿ ಆ ಡಬ್ಬಿಯನ್ನು ಹಾಗೇ ಒಯ್ದು ಎಮ್ಮೆಯ ಮುಸುರೆಗೆ ಸುರಿದಳು.

ಮರುದಿನ ಅವರಿಬ್ಬರೂ ಅನ್ನದಾನಮ್ಮನ ಮನೆಗೆ ಹೋದರು. ಮುದುಕಿ ಬಾಗಿಲಲ್ಲೇ ತಡೆದಳು. ಮೈಲಾರೇಶ ಹೊರಗೆ ನಿಂತೇ ನಡೆದದ್ದನ್ನು ನಡೆದಂತೆ ಹೇಳಿದ. ದನಿ ಎತ್ತರಿಸಲಿಲ್ಲ, ಅಣ್ಣನನ್ನು ಬೈಯಲಿಲ್ಲ. ಅನ್ನದಾನಮ್ಮ ಕೊನೆಯತನಕ ಕೇಳಿದಳು.

"ಮುಗೀತೇನು? ಈಗ ನಾ ಹೇಳ್ತೀನಿ ಕೇಳು. ನನ್ನ ಮಗಳ ಹೆಣಕ್ಕ ಹೆಗಲು ಕೊಟ್ಟಾವ ಪಾಲಾಕ್ಷಪ್ಪ. ಕುಣಿ ತೋಡೋ ಜಾಗದಾಗ ನಿಂತು ಮಣ್ಣು ಹಾಕ್ಯಾನ. ಹಬ್ಬಕ್ಕ ನನಗ ಸೀರಿ ತಂದಾನ. ನಮ್ಮ ತಮ್ಮ ತಪ್ಪು ಮಾಡ್ಯಾನ, ಕ್ಷಮಾ ಮಾಡವ್ವಾ ಅಂತ ನನ್ನ ಕಾಲು ಹಿಡಿದಾನ. ನೀ ಏನ್ ಮಾಡಿದಿ? ಈಗ ಕೋರ್ಟಿನ ನೋಟೀಸು ಬಂದ ಮ್ಯಾಲ ಅವನ ಮ್ಯಾಲ ಹಾಕಾಕ ಬಂದೀದಿ."

"ದೊಡ್ಡವ್ವಾ, ನಿನ್ನ ಮಗಳ ಆಣಿ..."

"ಅಕಿ ಹೆಸರು ತಗೀಬ್ಯಾಡ! ಅಕೀನ ನನಗ ಹೇಳ್ತಿದ್ಳು. ಮೈಲಾರಿ ಹಿಂದ ತಿರುಗಿ ತಿರುಗಿ ಮಾತಾಡ್ತಾ ಹೊಡಿತಾನ ಅಂತ. ನಕ್ಕೋಂತ ಹೇಳ್ತಿದ್ಳು ನನ್ನ ಕೂಸು." ಮುದುಕಿಯ ದನಿ ಒಡೆಯಿತು. "ದೇವರು ಸುಮ್ಮನ ಬಿಡ್ತಾನೇನು? ಅದಕ್ಕ ನಿನ್ನ ಕುತಿಗಿಗೇ ಕೀಲಿ ಹಾಕ್ಯಾನ."

ಬಾಗಿಲು ಮುಚ್ಚಿತು. ಶೃತಿ ಬಾಗಿಲು ಬಡಿದು, "ಖರೇ ಹೇಳ್ತಾರ ರೀ ಅವರು, ಕೇಳ್ರಿ!" ಅಂದಳು. ಒಳಗಿನಿಂದ ಬಂದದ್ದು ಒಂದೇ ಮಾತು: "ಹೆಂಡ್ತಿ ಮತ್ತೇನಂತಾಳ."

ಕೊಟ್ಟೂರಿನ ದಾರಿಯಲ್ಲಿ ಗಾದೆಪ್ಪನನ್ನೂ ಹುಡುಕಿಕೊಂಡು ಹೋದರು. ಅವನು ಒಳ್ಳೆಯವನೇ. ಕುರ್ಚಿ ಹಾಕಿ ಕೂರಿಸಿದ, ಮಜ್ಜಿಗೆ ಕೊಟ್ಟ. ಮೈಲಾರೇಶ ಬದುಕಿದ್ದು ನೋಡಿ ಕಣ್ಣು ತುಂಬಿಕೊಂಡ. ಗಾಡಿಯ ಯಾವ ಕಡೆಯಿಂದ ಯಾರನ್ನು ಎಳೆದೆವು ಅನ್ನುವುದು ಅವನಿಗೆ ಚೆನ್ನಾಗಿ ನೆನಪಿತ್ತು. ಆದರೆ ಕೋರ್ಟಿಗೆ ಬರುತ್ತೀಯಾ ಅಂದಾಗ ಅಂಗಳದಲ್ಲಿ ರಾಶಿ ಹಾಕಿದ್ದ ಜೋಳದ ಕಡೆ ನೋಡಿದ.

"ನಾ ಬಂದ್ರ ಮೊದಲು ಕೇಳೋದು, ರೋಡಿನ ಮ್ಯಾಲ ಜೋಳ ಹಾಕಿದಾವ ಯಾರು ಅಂತ. ನಾ ಏನೂ ನೋಡಿಲ್ಲಪ್ಪ. ತಪ್ಪು ತಿಳೀಬ್ಯಾಡ."

ಕೋರ್ಟಿನಲ್ಲಿ ಮೈಲಾರೇಶ ತಪ್ಪು ಒಪ್ಪಲಿಲ್ಲ. ಗಾಡಿ ಹೊಡೆದವನು ನಾನಲ್ಲ ಅಂದ. ಸರ್ಕಾರಿ ವಕೀಲರು ಆಸ್ಪತ್ರೆಯ ಹೇಳಿಕೆ ಎತ್ತಿ ತೋರಿಸಿದರು, ಹೆಬ್ಬೆರಳಿನ ಗುರುತು ನಿನ್ನದೇ ಅಲ್ಲವೇ ಅಂದರು. ನನ್ನದೇ ಅಂದ. ಹಾಗಾದರೆ ಈಗ ಹೇಳುವುದು ಸುಳ್ಳೋ ಆಗ ಹೇಳಿದ್ದು ಸುಳ್ಳೋ ಅಂದರು. ಆಗ ಹೇಳಿದ್ದು ಅಂದ. ಯಾಕೆ ಸುಳ್ಳು ಹೇಳಿದೆ ಅಂದಾಗ ಮಾತ್ರ ಅವನ ಬಾಯಿ ಕಟ್ಟಿತು. ಅವ್ವ ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತಿದ್ದಳು. ಅವಳು ಹೇಳಿದ ಮಾತನ್ನು ಅಷ್ಟು ಜನರ ಮುಂದೆ ಹೇಳಲು ಅವನಿಗೆ ನಾಲಗೆ ಬರಲಿಲ್ಲ.

ಪಾಲಾಕ್ಷಪ್ಪನನ್ನು ಸಾಕ್ಷಿಗೆ ಕರೆದರು. ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ಸತ್ಯವನ್ನೇ ಹೇಳುತ್ತೇನೆ ಅಂತ ಪ್ರಮಾಣ ಮಾಡಿದ.

"ಗಾಡಿ ನನ್ನ ತಮ್ಮ ಹೊಡಿತಿದ್ದ ರೀ. ನಾ ಪಕ್ಕದಾಗ ಕುಂತಿದ್ದೆ. ಮುಂದ ಜೋಳ ಐತಿ, ಸಾವಕಾಶ ಅಂತ ಹೇಳಿದ್ದೆ ರೀ ನಾನು."

ತಮ್ಮನ ಬಾಯಿಂದ ಬಂದ ಮಾತನ್ನು ಅಣ್ಣ ಅಕ್ಷರ ಬಿಡದೆ ತನ್ನದು ಮಾಡಿಕೊಂಡಿದ್ದ. ಮೈಲಾರೇಶ ಕಟಕಟೆಯಲ್ಲಿ ನೆಟ್ಟ ಕಂಬದಂತೆ ನಿಂತು ಕೇಳಿದ. ಅಣ್ಣ ಒಂದು ಸಲವೂ ಈ ಕಡೆ ನೋಡಲಿಲ್ಲ.

ತೀರ್ಪು ಅವನ ವಿರುದ್ಧವೇ ಬಂತು. ನಿರ್ಲಕ್ಷ್ಯದ ಚಾಲನೆ, ಅದರಿಂದ ಸಾವು. ಅವನ ವಕೀಲರು ಎಕ್ಸ್‌ರೇ ತೋರಿಸಿ, ಕತ್ತಿನಲ್ಲಿ ಸರಳು ಇಟ್ಟುಕೊಂಡವನಿಗೆ ಜೈಲಿನ ನೆಲದ ಮೇಲೆ ಮಲಗುವುದಾಗದು ಅಂತ ಬೇಡಿಕೊಂಡ ಮೇಲೆ ಶಿಕ್ಷೆ ಕಡಿಮೆಯಾಯಿತು, ಮೇಲಿನ ಕೋರ್ಟಿಗೆ ಹೋಗಲು ಜಾಮೀನು ಸಿಕ್ಕಿತು. ಹೊರಗೆ ಬಂದಾಗ ಗಾದೆಮ್ಮ ಎದುರಿಗೇ ನಿಂತಿದ್ದಳು.

"ಒಡಹುಟ್ಟಿದಾವನ್ನ ಕೋರ್ಟಿಗೆ ಎಳೆದೆಲ್ಲೋ ಪಾಪಿ," ಅಂದಳು. ಶೃತಿ ಬಾಯಿ ತೆರೆಯುವಷ್ಟರಲ್ಲಿ ಮೈಲಾರೇಶ ಅವಳ ಕೈ ಹಿಡಿದು ಮುಂದಕ್ಕೆ ನಡೆದ. ತಿರುಗಿ ನೋಡಲಿಲ್ಲ. ಸೆಟೆದುಕೊಂಡು ಹೋದ ಅಂತ ಗಾದೆಮ್ಮ ಎಲ್ಲರ ಮುಂದೆ ಹೇಳಿಕೊಂಡು ತಿರುಗಿದಳು.

ಮೇಲ್ಮನವಿ ಇನ್ನೂ ನಡೆದೇ ಇತ್ತು. ಆ ಚಳಿಗಾಲದಲ್ಲಿ ಅವನನ್ನು ತಪಾಸಣೆಗೆ ದಾವಣಗೆರೆಗೆ ಕರೆದಿದ್ದರು. ಕ್ರಾಂತಿಕುಮಾರ್ ಹೊಸ ಎಕ್ಸ್‌ರೇ ನೋಡಿ, "ಎಲುಬು ಬೆಳೆದು ಒಂದಾಗಿದೆ. ಇನ್ನು ನಿನ್ನ ಜೀವ ಇರೋತನಕ ಇದು ಅಲುಗೋದಿಲ್ಲ," ಅಂತ ಬೆನ್ನು ತಟ್ಟಿದರು. ಮೈಲಾರೇಶ ಬಾಯಿಂದ "ಹೂಂ" ಅಂದ.

ವಾಪಸ್ ಬರುವಾಗ ಹರಪನಹಳ್ಳಿಯಲ್ಲಿ ಬಸ್ ಬದಲಿಸಿದರು. ಹಡಗಲಿ ಬೋರ್ಡಿನ ಬಸ್ಸು ಖಾಲಿ ನಿಂತಿತ್ತು. ಹಿಂದೆ ಕೂತರೆ ಕುಲುಕಾಟ ಜಾಸ್ತಿ ಅಂತ ಶೃತಿ ಅವನನ್ನು ಮುಂದಿನ ಸೀಟಿನಲ್ಲೇ ಕೂರಿಸಿದಳು. ಬಸ್ಸು ತುಂಬಿ, ಕಂಡಕ್ಟರ್ ಟಿಕೆಟ್ ಕೊಟ್ಟು ಮುಗಿಸಿದ ಮೇಲೆ ಖಾಕಿ ಅಂಗಿಯ ಡ್ರೈವರ್ ಹತ್ತಿ ಬಾಗಿಲು ಎಳೆದುಕೊಂಡ. ಪಾಲಾಕ್ಷಪ್ಪ.

ಶೃತಿ ಗಂಡನ ಮೊಣಕೈ ಹಿಡಿದಳು. "ಇಳಿಯೋಣು ನಡೀರಿ."

"ಕುಂದ್ರು," ಅಂದ ಮೈಲಾರೇಶ. "ಟಿಕೆಟ್ ತಗೊಂಡೀವಿ."

ಮೇಲಿನ ಕನ್ನಡಿಯಲ್ಲಿ ಅಣ್ಣನ ಕಣ್ಣು ಅವನನ್ನು ಕಂಡಿತು, ಕೆಳಗಿಳಿಯಿತು. ಬಸ್ಸು ಹೊರಟಿತು. ಕಿಟಕಿಯಾಚೆ ನೋಡುತ್ತ ಕೂರುವ ಅನುಕೂಲ ಮೈಲಾರೇಶನಿಗಿರಲಿಲ್ಲ. ಎದುರಿಗೆ ಅಣ್ಣನ ಬೆನ್ನು, ನರೆತ ಕೂದಲು, ಅದರ ಕೆಳಗೆ ಬೆವರಿದ ಕತ್ತು. ಚಿಕ್ಕವನಿದ್ದಾಗ ಹಳ್ಳ ದಾಟುವಾಗ ಎರಡೂ ಕಾಲು ಇಳಿಬಿಟ್ಟು ಕೂರುತ್ತಿದ್ದುದು ಅದೇ ಹೆಗಲ ಮೇಲೆ. ಕಣ್ಣು ಮುಚ್ಚಿಕೊಂಡ. ಮುಚ್ಚಿದರೂ ಅದೇ ಕಂಡಿತು.

ಸ್ವಲ್ಪ ದೂರ ಹೋದಮೇಲೆ ಅವನಿಗೆ ಒಂದು ತಿಳಿಯಿತು. ರಸ್ತೆಯಲ್ಲಿ ಉಬ್ಬು ಬಂದಾಗಲೆಲ್ಲ ಬಸ್ಸು ನಿಲ್ಲುವಷ್ಟು ನಿಧಾನವಾಗುತ್ತಿತ್ತು. ಮೊದಲು ಮುಂದಿನ ಗಾಲಿ ಹತ್ತಿ ಇಳಿದು, ಆಮೇಲೆ ಹಿಂದಿನದು, ಮಲಗಿದ ಕೂಸನ್ನು ಎತ್ತಿ ಇಳಿಸಿದಷ್ಟು ಮೆಲ್ಲಗೆ. ಗುಂಡಿ ಕಂಡರೆ ಇಡೀ ಬಸ್ಸು ಸುತ್ತಿ ಬರುತ್ತಿತ್ತು. ಹಿಂದಿನವರು ಗೊಣಗತೊಡಗಿದರು.

"ಏನ್ರೀ ಡ್ರೈವರ್ರ, ಬಸ್ಸೋ ಎತ್ತಿನ ಬಂಡಿನೋ? ಸಂಜಿಗರ ಮುಟ್ಟಸ್ತೀರಿಲ್ಲೋ?"

ಪಾಲಾಕ್ಷಪ್ಪ ವೇಗ ಹೆಚ್ಚಿಸಲಿಲ್ಲ. ಶೃತಿಗೂ ಅದು ಗೊತ್ತಾಯಿತು. ಅವಳು ತುಟಿ ಕಚ್ಚಿಕೊಂಡು ಹೊರಗೆ ನೋಡುತ್ತ ಕೂತಳು. ಅಣ್ಣ ಬೈದಿದ್ದರೆ, ಮುಖ ಸಿಂಡರಿಸಿ ಬಸ್ಸನ್ನು ಧಡಧಡ ಎತ್ತಿ ಹಾಕಿದ್ದರೆ ಮೈಲಾರೇಶ ತಡೆದುಕೊಳ್ಳುತ್ತಿದ್ದ. ಕೋರ್ಟಿನಲ್ಲಿ ಆಣೆಮಾಡಿ ತನ್ನನ್ನು ಮುಳುಗಿಸಿದ ಮನುಷ್ಯನೇ ಈಗ ತನ್ನ ಕತ್ತು ನೋಯದಿರಲಿ ಅಂತ ಉಬ್ಬು ಉಬ್ಬಿಗೂ ಬ್ರೇಕು ಒತ್ತುತ್ತಿದ್ದ. ಅದನ್ನು ಹೇಗೆ ತಡೆದುಕೊಳ್ಳುವುದು?

ಹಡಗಲಿ ಬಂತು. ಜನ ಇಳಿಯುವತನಕ ಅವರಿಬ್ಬರೂ ಕಾದರು. ಮೈಲಾರೇಶ ಕಂಬ ಹಿಡಿದು, ಕಾಣದ ಮೆಟ್ಟಿಲನ್ನು ಪಾದದಿಂದ ತಡಕಿದ.

"ಲೇ ಮೈಲಾರಿ, ಸಾವಕಾಶ ಇಳಿ," ಅಂತ ಹಿಂದಿನಿಂದ ದನಿ ಬಂತು.

ಮೈಲಾರೇಶ ಮೆಟ್ಟಿಲ ಮೇಲೆ ನಿಂತ. ಇಡೀ ಮೈ ತಿರುಗಿಸಿ ನಿಲ್ಲಬಹುದಿತ್ತು. ಒಂದು ಮಾತು ಅನ್ನಬಹುದಿತ್ತು. ಶೃತಿ ಕೆಳಗಿನಿಂದ ಕೈ ಚಾಚಿದಳು. ಅವನು ಆ ಕೈ ಹಿಡಿದು ಇಳಿದು, ನಿಲ್ದಾಣದ ಗದ್ದಲದೊಳಗೆ ನಡೆದುಬಿಟ್ಟ. ಬಸ್ಸು ಅಲ್ಲೇ ನಿಂತಿತ್ತು. ಬಹಳ ಹೊತ್ತಿನ ತನಕ ಅದರ ಎಂಜಿನ್ನಿನ ಸದ್ದು ಅವನಿಗೆ ಕೇಳಿಸುತ್ತಲೇ ಇತ್ತು.